ವಾಣಿಜ್ಯ ಸಂಸ್ಥೆಗಳು ಮಾರುವ ಸೇವೆಗಳು: ಶುಲ್ಕ ತೆರುವವರ ಕಡೆಯಿಂದ ಒಂದು ವಿಮರ್ಶೆ

ಯಾವುದೇ ವಾಣಿಜ್ಯ ಸಂಸ್ಥೆಯ, ಅಂದರೆ ವ್ಯಾಪಾರಿಗಳು ಸೇರಿ ಕಟ್ಟಿಕೊಂಡ ಚೇಂಬರ್ ಆಫ್ ಕಾಮರ್ಸ್‌ನ, ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಾಗ ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಸದಸ್ಯರು ವರ್ಷಕ್ಕೊಮ್ಮೆ ಕಟ್ಟುವ ಶುಲ್ಕವೊಂದರಿಂದಲೇ ಸಿಬ್ಬಂದಿಯ ಸಂಬಳ, ಕಟ್ಟಡದ ನಿರ್ವಹಣೆ, ಬಜೆಟ್‌ಗೆ ಮುನ್ನ ಸರ್ಕಾರಕ್ಕೆ ಸಲ್ಲಿಸುವ ಮನವಿಗಳ ಸಿದ್ಧತೆ ಇವೆಲ್ಲವನ್ನೂ ತೂಗಿಸುವುದು ಕಷ್ಟ. ಶುಲ್ಕವನ್ನು ಏರಿಸಿದರೆ ಸಣ್ಣ ಸದಸ್ಯರು ಮೊದಲು ಬಿಟ್ಟುಹೋಗುತ್ತಾರೆ, ಏರಿಸದಿದ್ದರೆ ಒಳ್ಳೆಯ ಸಿಬ್ಬಂದಿ ಉಳಿಯುವುದಿಲ್ಲ. ಆದ್ದರಿಂದ ಸಂಸ್ಥೆಗಳು ಸೇವೆಗಳನ್ನು ಮಾರುತ್ತವೆ. ಪ್ರಮಾಣಪತ್ರ ಕೊಡುತ್ತವೆ, ಸಭಾಂಗಣ ಬಾಡಿಗೆಗೆ ಬಿಡುತ್ತವೆ, ವಸ್ತುಪ್ರದರ್ಶನ ಏರ್ಪಡಿಸುತ್ತವೆ, ತರಬೇತಿ ನಡೆಸುತ್ತವೆ. ಪೀಣ್ಯದ ಒಂದು ಸಣ್ಣ ಘಟಕದಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವ ನಾನು ಈ ಸೇವೆಗಳ ಕಾಯಂ ಗಿರಾಕಿ. ಇವುಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕದ್ದು, ಯಾವುದು ಸಂಸ್ಥೆಯ ಹೆಸರನ್ನೇ ಸವೆಸುತ್ತದೆ ಎಂಬುದನ್ನು ಆ ಸ್ಥಾನದಿಂದಲೇ ಬರೆಯುತ್ತಿದ್ದೇನೆ.

ಮೊದಲು ನನ್ನ ಅಳತೆಗೋಲನ್ನು ಹೇಳಿಬಿಡುತ್ತೇನೆ. ವಾಣಿಜ್ಯ ಸಂಸ್ಥೆಯು ವ್ಯಾಪಾರಿಗಳದ್ದೇ ಆದರೂ ಯಾವ ಒಬ್ಬ ವ್ಯಾಪಾರಿಯದ್ದೂ ಆಗಿರುವುದಿಲ್ಲ. ಆ ಕಾರಣಕ್ಕಾಗಿಯೇ ಅದರ ಸೀಲಿಗೆ ಹೊರಗಿನವರು ಬೆಲೆ ಕೊಡುತ್ತಾರೆ. ಹಾಲ್ ಬಾಡಿಗೆಗೆ ಕೊಡುವವರು, ತರಗತಿ ನಡೆಸುವವರು, ಸಮಾರಂಭ ಮಾಡುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಪಕ್ಷಪಾತವಿಲ್ಲದೆ ‘ಇದು ಹೌದು’ ಎಂದು ಹೇಳಬಲ್ಲ ವ್ಯಾಪಾರಿ ವಲಯದ ಸಂಸ್ಥೆ ಬೇರೆ ಇಲ್ಲ. ಈ ನಂಬಿಕೆಯನ್ನು ಬಳಸಿಕೊಂಡು, ಅದನ್ನು ಕಳೆದುಕೊಳ್ಳದೆ ಗಳಿಸುವ ಆದಾಯವನ್ನೇ ನಾನು ಸಂಸ್ಥೆಗೆ ಒಪ್ಪುವ ಆದಾಯವೆಂದು ಎಣಿಸುತ್ತೇನೆ.

ಈ ಅಳತೆಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಸರಕಿನ ಮೂಲ ದೇಶವನ್ನು ದೃಢಪಡಿಸುವ ಪ್ರಮಾಣಪತ್ರ. ನಮ್ಮ ಕಚೇರಿಗಳಲ್ಲಿ ಇದನ್ನು ಸಿಓಓ ಎಂದೇ ಕರೆಯುತ್ತಾರೆ. ಈ ಸರಕು ಭಾರತದಲ್ಲಿ ತಯಾರಾದದ್ದು ಎಂದು ರಫ್ತುದಾರನೇ ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಕೊಳ್ಳುವ ದೇಶದ ಕಸ್ಟಮ್ಸ್‌ಗೆ ಅದು ಸಾಲುವುದಿಲ್ಲ. ಮೂರನೆಯವರು ಪರಿಶೀಲಿಸಿ ಸಹಿ ಹಾಕಬೇಕು. ಸರ್ಕಾರದ ಕಚೇರಿಗಳಷ್ಟೇ ಅಲ್ಲದೆ ವಾಣಿಜ್ಯ ಸಂಸ್ಥೆಗಳೂ ಇಂಥ ಪ್ರಮಾಣಪತ್ರ ನೀಡಬಹುದೆಂಬುದಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ದೊರೆತದ್ದು ಕಸ್ಟಮ್ಸ್ ವಿಧಿವಿಧಾನಗಳನ್ನು ಸರಳಗೊಳಿಸಲು 1923ರಲ್ಲಿ ಜಿನೀವಾದಲ್ಲಿ ಆದ ಒಡಂಬಡಿಕೆಯಲ್ಲಿ. ಒಪ್ಪಂದಗಳ ಅಡಿಯಲ್ಲಿ ಸುಂಕ ರಿಯಾಯಿತಿ ಕೊಡಿಸುವ ಪ್ರಮಾಣಪತ್ರಗಳನ್ನು ನಮ್ಮ ದೇಶದಲ್ಲಿ ಹೆಚ್ಚಾಗಿ ರಫ್ತು ತಪಾಸಣಾ ಮಂಡಳಿಯಂಥ ಸರ್ಕಾರಿ ಸಂಸ್ಥೆಗಳು ಕೊಡುತ್ತವೆ. ರಿಯಾಯಿತಿಗೆ ಸಂಬಂಧಿಸದ ಸಾಮಾನ್ಯ ಪ್ರಮಾಣಪತ್ರಗಳನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿಯ, ಪಟ್ಟಿಯಲ್ಲಿರುವ ವಾಣಿಜ್ಯ ಸಂಸ್ಥೆಗಳು ಕೊಡುತ್ತವೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿರುವ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟ, ಅಂದರೆ ಎಫ್‌ಕೆಸಿಸಿಐ, ಅಂಥವುಗಳಲ್ಲಿ ಒಂದು.

ಎಫ್‌ಕೆಸಿಸಿಐ ಹುಟ್ಟಿದ್ದು 1916ರಲ್ಲಿ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಎಂಬ ಹೆಸರಿನಲ್ಲಿ. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರೇ ಅದಕ್ಕೆ ಕಾರಣಕರ್ತರು. ಮೂರು ವರ್ಷ ಮೊದಲು, 1913ರಲ್ಲಿ, ಮೈಸೂರು ಬ್ಯಾಂಕು ಆರಂಭವಾಗಿತ್ತು. ವ್ಯಾಪಾರಕ್ಕೆ ಸಾಲ ಕೊಡುವ ಸಂಸ್ಥೆಯೂ ವ್ಯಾಪಾರಿಗಳ ಮಾತನ್ನು ಸರ್ಕಾರಕ್ಕೆ ಮುಟ್ಟಿಸುವ ಸಂಸ್ಥೆಯೂ ಹೆಚ್ಚು ಅಂತರವಿಲ್ಲದೆ ಬಂದದ್ದು ಆ ಕಾಲದ ಆಡಳಿತದ ಯೋಚನೆ ಎಂಥದಿತ್ತೆಂಬುದನ್ನು ತೋರಿಸುತ್ತದೆ. ನೂರು ವರ್ಷ ದಾಟಿದ ಹೆಸರು ಪ್ರಮಾಣಪತ್ರದ ತಲೆಬರಹದಲ್ಲಿದ್ದಾಗ ಅದನ್ನು ಓದುವ ದೂರದೇಶದ ಬ್ಯಾಂಕಿನ ಗುಮಾಸ್ತನಿಗೆ ಆ ಇತಿಹಾಸ ಗೊತ್ತಿರಲಾರದು, ನಿಜ. ಆದರೆ ಸಂಸ್ಥೆ ನಾಳೆಯೂ ಇದ್ದಲ್ಲೇ ಇರುತ್ತದೆ, ಅನುಮಾನ ಬಂದರೆ ಕೇಳಬಹುದು ಎಂಬ ಭರವಸೆ ಆ ಕಾಗದದೊಂದಿಗೆ ಹೋಗುತ್ತದೆ. ನಾವು ಶುಲ್ಕ ಕೊಡುವುದು ಆ ಭರವಸೆಗೆ.

ಸೇವೆ ಹೇಗಿದೆ ಎಂದರೆ, ಕಾಗದದ ಕಾಲಕ್ಕೂ ಈಗಿನ ಕಾಲಕ್ಕೂ ದೊಡ್ಡ ವ್ಯತ್ಯಾಸವಾಗಿದೆ. ಮೊದಲು ಪ್ರಮಾಣಪತ್ರದ ಪ್ರತಿಗಳನ್ನು ಟೈಪು ಮಾಡಿಸಿ, ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಜೊತೆಗಿಟ್ಟು, ಹುಡುಗನೊಬ್ಬನನ್ನು ಕೆ.ಜಿ. ರಸ್ತೆಗೆ ಕಳಿಸಿ, ಸಹಿ ಮತ್ತು ಸೀಲು ಬೀಳುವ ತನಕ ಕಾಯಬೇಕಿತ್ತು. ಒಂದು ಅಕ್ಷರ ತಪ್ಪಿದ್ದರೆ ಮತ್ತೆ ಪೀಣ್ಯಕ್ಕೆ ಬಂದು ತಿದ್ದಿಸಿಕೊಂಡು ಹೋಗಬೇಕಿತ್ತು. 2025ರ ಜನವರಿ 1ರಿಂದ ಸಾಮಾನ್ಯ ಪ್ರಮಾಣಪತ್ರಗಳಿಗೂ ಡಿಜಿಎಫ್‌ಟಿಯ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಅರ್ಜಿ ಹಾಕುವುದು ಕಡ್ಡಾಯವಾಗಿದೆ. ರಫ್ತು ಸಂಸ್ಥೆ ತನ್ನ ಐಇಸಿ ಎಂಬ ಆಮದು-ರಫ್ತು ಗುರುತಿನ ಸಂಖ್ಯೆಯಿಂದ ಒಳಹೊಕ್ಕು, ಸರಕಿನ ವಿವರ ತುಂಬಿ, ದಾಖಲೆಗಳನ್ನು ಸೇರಿಸಿ, ಅಧಿಕೃತ ಸಂಸ್ಥೆಯನ್ನು ಆರಿಸಿಕೊಂಡರೆ ಅಲ್ಲಿನ ಅಧಿಕಾರಿ ಪರಿಶೀಲಿಸಿ ಪ್ರಮಾಣಪತ್ರ ಹೊರಡಿಸುತ್ತಾರೆ. ಅದರ ಸಾಚಾತನವನ್ನು ಹೊರದೇಶದಲ್ಲಿ ಕುಳಿತವರು ಕ್ಯೂಆರ್ ಕೋಡ್ ಮೂಲಕ ನೋಡಿಕೊಳ್ಳಬಹುದು.

ಇದು ಗಿರಾಕಿಗೆ ಒಳ್ಳೆಯದು. ಆದರೆ ಸಂಸ್ಥೆಗಳ ಆದಾಯದ ದೃಷ್ಟಿಯಿಂದ ಇದರಲ್ಲಿ ಒಂದು ಎಚ್ಚರಿಕೆ ಅಡಗಿದೆ, ಅದನ್ನು ಪದಾಧಿಕಾರಿಗಳು ಇನ್ನೂ ಪೂರ್ತಿ ಗಮನಿಸಿದಂತೆ ಕಾಣುವುದಿಲ್ಲ. ಹಿಂದೆ ಹತ್ತಿರದಲ್ಲಿರುವುದೇ ಒಂದು ಸಂಸ್ಥೆಯ ದೊಡ್ಡ ಅನುಕೂಲವಾಗಿತ್ತು. ಈಗ ಎಲ್ಲರೂ ಒಂದೇ ಪರದೆಯ ಮೇಲೆ ಸಾಲಾಗಿ ನಿಂತಿದ್ದಾರೆ, ಪ್ರಮಾಣಪತ್ರಕ್ಕೆ ತೆಗೆದುಕೊಳ್ಳಬಹುದಾದ ಶುಲ್ಕಕ್ಕೂ ಸರ್ಕಾರದ ಮಿತಿ ಇದೆ. ದರದಲ್ಲಿ ಹೆಚ್ಚುಕಡಿಮೆ ಮಾಡಲು ಜಾಗವಿಲ್ಲದ ಕಡೆ ಉಳಿಯುವುದು ಕೆಲಸದ ಗುಣಮಟ್ಟ ಮಾತ್ರ. ಬೆಳಿಗ್ಗೆ ಹಾಕಿದ ಅರ್ಜಿ ಸಂಜೆಯೊಳಗೆ ಬರುತ್ತದೆಯೇ, ತಪ್ಪಿದ್ದರೆ ಫೋನು ಮಾಡಿ ತಿಳಿಸುತ್ತಾರೆಯೇ, ಶನಿವಾರ ಹಡಗು ಹೊರಡುವುದಿದ್ದರೆ ಶುಕ್ರವಾರ ಸಂಜೆ ಯಾರಾದರೂ ಕುಳಿತಿರುತ್ತಾರೆಯೇ ಎಂಬುದರ ಮೇಲೆ ಗಿರಾಕಿ ನಿರ್ಧರಿಸುತ್ತಾನೆ. ಎಫ್‌ಕೆಸಿಸಿಐಯ ವಿಭಾಗದಲ್ಲಿ ನನಗೆ ಸಿಕ್ಕಿರುವ ಪರಿಶೀಲನೆ ಎಚ್ಚರದ್ದು. ಇನ್‌ವಾಯ್ಸಿನಲ್ಲಿ ಕೊಳ್ಳುವವರ ವಿಳಾಸಕ್ಕೂ ಪ್ಯಾಕಿಂಗ್ ಲಿಸ್ಟಿನ ವಿಳಾಸಕ್ಕೂ ಹೊಂದಿಕೆಯಾಗದಿದ್ದಾಗ ತಡೆದು ಕೇಳಿದ್ದಾರೆ. ಆ ತಡೆ ಆ ಕ್ಷಣಕ್ಕೆ ಕಿರಿಕಿರಿಯೆನಿಸಿದರೂ ಎಲ್‌ಸಿ (ಹಣ ಕೊಡುವುದಾಗಿ ಕೊಳ್ಳುವವನ ಬ್ಯಾಂಕು ನೀಡುವ ಭರವಸೆಪತ್ರ) ಮೇಲೆ ವ್ಯಾಪಾರ ಮಾಡುವವರಿಗೆ ಅದರ ಬೆಲೆ ಗೊತ್ತು. ಎಲ್‌ಸಿಗಳಿಗೆ ಅನ್ವಯಿಸುವ ಯುಸಿಪಿ 600 ನಿಯಮಗಳ ಪ್ರಕಾರ ಬ್ಯಾಂಕು ದಾಖಲೆಗಳನ್ನು ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನಗಳಲ್ಲಿ ನೋಡಿ ಒಪ್ಪಬೇಕು ಅಥವಾ ತಿರಸ್ಕರಿಸಬೇಕು. ಬ್ಯಾಂಕಿನವರು ಸರಕನ್ನು ನೋಡುವುದಿಲ್ಲ, ಕಾಗದವನ್ನು ನೋಡುತ್ತಾರೆ. ಒಂದು ಕಾಗದ ಇನ್ನೊಂದಕ್ಕೆ ವಿರುದ್ಧವಾಗಿದ್ದರೆ ಹಣ ನಿಲ್ಲುತ್ತದೆ.

ಇಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಸಂಸ್ಥೆಯ, ಅಂದರೆ ಐಸಿಸಿಯ, ಮಾತನ್ನೂ ಹೇಳಬೇಕು, ಏಕೆಂದರೆ ಯುಸಿಪಿ ಅದರದ್ದೇ. 1919ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿರುವ ಐಸಿಸಿ 1936ರಲ್ಲಿ ಇನ್ಕೋಟರ್ಮ್ಸ್ ಎಂಬ ಮಾರಾಟ ನಿಯಮಗಳನ್ನು ಹೊರತಂದಿತು. ಈಗ ಬಳಕೆಯಲ್ಲಿರುವುದು 2020ರ ಆವೃತ್ತಿ. ಸಾಗಣೆಯ ಖರ್ಚು ಮತ್ತು ಹೊಣೆ ಎಲ್ಲಿಯವರೆಗೆ ಯಾರದೆಂದು ಹೇಳುವ ಎಫ್‌ಓಬಿ, ಸಿಐಎಫ್ ಎಂಬ ಮಾತುಗಳನ್ನು ಪೀಣ್ಯದ ಟ್ರಾನ್ಸ್‌ಪೋರ್ಟ್ ಏಜೆಂಟರೂ ದಿನಕ್ಕೆ ಹತ್ತು ಸಲ ಆಡುತ್ತಾರೆ, ಅವುಗಳ ಅರ್ಥವನ್ನು ಕಾಲಕಾಲಕ್ಕೆ ಕರಾರುವಾಕ್ಕಾಗಿ ಬರೆದಿಡುವ ಪುಸ್ತಕವನ್ನು ಆ ಸಂಸ್ಥೆ ಹಣಕ್ಕೆ ಮಾರುತ್ತದೆ. ವ್ಯಾಪಾರಿಗಳೇ ಕೂತು ಮಾಡಿಕೊಂಡ ನಿಯಮವನ್ನು ವ್ಯಾಪಾರಿಗಳಿಗೇ ಮಾರಿ ಅದರಿಂದ ಸಂಸ್ಥೆ ನಡೆಸುವುದು ನನಗೆ ಬಹಳ ಗೌರವದ ಮಾರ್ಗವಾಗಿ ಕಾಣುತ್ತದೆ. ಪುಸ್ತಕ ಅಗ್ಗವಲ್ಲ, ಆದರೂ ರಫ್ತು ಮಾಡುವ ಪ್ರತಿ ಕಚೇರಿಯಲ್ಲಿ ಒಂದು ಪ್ರತಿ ಇರಬೇಕಾದದ್ದು.

ಎಟಿಎ ಕಾರ್ನೆ ಎಂಬ ಸೇವೆಯೂ ಇದೇ ಜಾತಿಯದು. ನಮ್ಮ ಯಂತ್ರದ ಮಾದರಿಯನ್ನು ಜರ್ಮನಿಯ ಒಂದು ಪ್ರದರ್ಶನಕ್ಕೆ ಒಯ್ದು ವಾಪಸು ತರಬೇಕಿದ್ದರೆ ಅಲ್ಲಿ ಸುಂಕ ಕಟ್ಟಿ ಮತ್ತೆ ಮರುಪಾವತಿ ಕೇಳುತ್ತಾ ಕೂರುವ ಬದಲು ಈ ಒಂದು ದಾಖಲೆ ತೋರಿಸಿದರೆ ಸಾಕು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಭಾರತದಲ್ಲಿ ಅದನ್ನು ನೀಡುವ ಮತ್ತು ಅದಕ್ಕೆ ಜಾಮೀನು ನಿಲ್ಲುವ ರಾಷ್ಟ್ರೀಯ ಸಂಸ್ಥೆ ಫಿಕ್ಕಿ (ದೇಶದ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟ); ಸರಕು ವಾಪಸು ಬಾರದಿದ್ದರೆ ಆ ದೇಶದ ಕಸ್ಟಮ್ಸ್ ತನ್ನ ಸುಂಕವನ್ನು ಈ ಜಾಮೀನಿನ ಸರಪಳಿಯ ಮೂಲಕ ವಸೂಲು ಮಾಡುತ್ತದೆ. ಅದಕ್ಕಾಗಿ ನಮ್ಮಿಂದ ಶುಲ್ಕದ ಜೊತೆಗೆ ಭದ್ರತಾ ಠೇವಣಿಯನ್ನೂ ತೆಗೆದುಕೊಳ್ಳುತ್ತಾರೆ. ಪ್ರದರ್ಶನಕ್ಕೆ ಹೋಗುವ ಸಣ್ಣ ಉದ್ಯಮಗಳಲ್ಲಿ ಬಹಳಷ್ಟು ಮಂದಿಗೆ ಇಂಥದೊಂದು ದಾರಿ ಇದೆಯೆಂಬುದೇ ಗೊತ್ತಿಲ್ಲ. ಇದನ್ನು ಕನ್ನಡದಲ್ಲಿ ವಿವರಿಸಿ ಹೇಳುವ ಕೆಲಸವನ್ನು ನಮ್ಮ ಜಿಲ್ಲಾ ಸಂಸ್ಥೆಗಳು ಕೈಗೆತ್ತಿಕೊಂಡರೆ, ಅರ್ಜಿ ಸಿದ್ಧಪಡಿಸಿಕೊಡುವ ಸಹಾಯಕ್ಕೆ ನ್ಯಾಯವಾದ ಶುಲ್ಕ ಪಡೆಯುವುದರಲ್ಲಿ ತಪ್ಪೇನಿಲ್ಲ.

ವಸ್ತುಪ್ರದರ್ಶನಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡಾಗಿ ಒಡೆದಿದೆ. ಉದ್ಯಮಿಗಳ ಸಂಘವೊಂದು ಪ್ರದರ್ಶನದಿಂದ ಎಷ್ಟು ಎತ್ತರಕ್ಕೆ ಬೆಳೆಯಬಹುದು ಎಂಬುದಕ್ಕೆ ತುಮಕೂರು ರಸ್ತೆಯ ಮಾದಾವರದಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವೇ ಸಾಕ್ಷಿ. ಅದು ಸರ್ಕಾರದ್ದೂ ಅಲ್ಲ, ಯಾವುದೋ ಬಿಲ್ಡರ್‌ನದ್ದೂ ಅಲ್ಲ. 1946ರಲ್ಲಿ ಸ್ಥಾಪನೆಯಾದ ಭಾರತೀಯ ಯಂತ್ರೋಪಕರಣ ತಯಾರಕರ ಸಂಘದ್ದು. ಆ ಸಂಘ ಕಟ್ಟುನಿಟ್ಟಾದ ಅರ್ಥದಲ್ಲಿ ವಾಣಿಜ್ಯ ಸಂಸ್ಥೆಯಲ್ಲ, ಒಂದು ಉದ್ಯಮದ ಸಂಘ. ಆದರೂ ಇಲ್ಲಿಯ ಪಾಠ ಎರಡಕ್ಕೂ ಒಂದೇ. 1969ರಲ್ಲಿ ಮುಂಬಯಿಯಲ್ಲಿ ಇಮ್‌ಟೆಕ್ಸ್ ಎಂಬ ಯಂತ್ರೋಪಕರಣ ಪ್ರದರ್ಶನವನ್ನು ಮೊದಲ ಬಾರಿ ನಡೆಸಿದ ಸಂಘ 2007ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಕೇಂದ್ರವನ್ನು ತೆರೆಯಿತು. ಈಗ ಅಲ್ಲಿ ತನ್ನ ಪ್ರದರ್ಶನ ನಡೆಸುವುದರ ಜೊತೆಗೆ ಬೇರೆ ಸಂಘಟಕರಿಗೂ ಜಾಗವನ್ನು ಬಾಡಿಗೆಗೆ ಕೊಡುತ್ತದೆ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಪೀಣ್ಯದವರಿಗಂತೂ ಅದು ಪಕ್ಕದ ಮನೆಯಾಯಿತು. ಸ್ಯಾಂಪಲ್ ಚೀಲ ಹಿಡಿದುಕೊಂಡು ರೈಲಿನಲ್ಲಿ ಹೋಗಿಬರಬಹುದು.

ಇಮ್‌ಟೆಕ್ಸ್‌ನಲ್ಲಿ ಮೆಚ್ಚಬೇಕಾದ್ದು ಅದರ ಗಾತ್ರಕ್ಕಿಂತ ಹೆಚ್ಚಾಗಿ ಬರುವವರ ಗುಣ. ಸ್ಟಾಲಿನ ಮುಂದೆ ನಿಲ್ಲುವ ವ್ಯಕ್ತಿಗೆ ಸ್ಪಿಂಡಲ್ ವೇಗದ ಬಗ್ಗೆ, ಟಾಲರೆನ್ಸ್ ಬಗ್ಗೆ ಕೇಳಲು ಬರುತ್ತದೆ. ಸಂಘದ ಸದಸ್ಯರೇ ಆ ಕೆಲಸದವರಾದ್ದರಿಂದ ಯಾರನ್ನು ಕರೆಯಬೇಕು, ಯಾವ ಯಂತ್ರ ಓಡಿಸಿ ತೋರಿಸಬೇಕು, ವಿದ್ಯುತ್ ಮತ್ತು ಕಂಪ್ರೆಸ್ಡ್ ಗಾಳಿ ಎಲ್ಲಿ ಬೇಕು ಎಂಬುದೆಲ್ಲ ಅವರಿಗೆ ಹೇಳಿಕೊಡಬೇಕಾಗಿಲ್ಲ. ಸ್ಟಾಲಿಗೆ ಕೊಡುವ ಹಣ ಸಣ್ಣ ಘಟಕಕ್ಕೆ ಹೊರೆಯೇ. ಆದರೂ ಅಲ್ಲಿ ಸಿಕ್ಕ ಪರಿಚಯ ವರ್ಷಗಟ್ಟಲೆ ಆರ್ಡರ್ ಕೊಡುವುದುಂಟು.

ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಒಂದು ಜಿಲ್ಲಾ ಸಂಸ್ಥೆ ಕೈಗಾರಿಕಾ ಮೇಳವೆಂದು ಕರೆದದ್ದರಿಂದ ನಾವು ಅಲ್ಲಿ ಮಳಿಗೆ ಹಿಡಿದೆವು. ಹೋಗಿ ನೋಡಿದರೆ ಎಡಕ್ಕೆ ಬೆಡ್‌ಶೀಟು, ಬಲಕ್ಕೆ ಉಪ್ಪಿನಕಾಯಿ, ಎದುರಿಗೆ ಮಕ್ಕಳ ಆಟದ ಗಾಡಿ. ಆ ವ್ಯಾಪಾರಗಳನ್ನು ಕೀಳಾಗಿ ಕಾಣುವ ಉದ್ದೇಶ ನನಗಿಲ್ಲ, ಅವರಿಗೂ ಮಾರಲು ಜಾಗ ಬೇಕು. ಆದರೆ ಪಂಪಿನ ಬಿಡಿಭಾಗ ಕೊಳ್ಳುವವರು ಬರುತ್ತಾರೆಂದು ನಂಬಿಸಿ ಹಣ ತೆಗೆದುಕೊಂಡು, ಸಂಜೆ ಕುಟುಂಬದೊಡನೆ ಸುತ್ತಾಡಲು ಬಂದವರನ್ನು ತೋರಿಸುವುದು ಸರಿಯಲ್ಲ. ಸಂಸ್ಥೆಗೆ ಆ ವರ್ಷ ಲಾಭವಾಗಿರಬಹುದು. ಮರುವರ್ಷ ಅದೇ ಸಂಸ್ಥೆಯಿಂದ ಪತ್ರ ಬಂದಾಗ ನಾವು ಉತ್ತರ ಬರೆಯಲಿಲ್ಲ, ನಮ್ಮ ಪರಿಚಯದ ಇತರ ಘಟಕದವರೂ ಹೋಗಲಿಲ್ಲ. ಮೇಳ ನಡೆಸಲು ಶಕ್ತಿಯಿಲ್ಲದ ಸಂಸ್ಥೆಗಳು ದೊಡ್ಡ ಪ್ರದರ್ಶನದಲ್ಲಿ ಒಂದೇ ದೊಡ್ಡ ಜಾಗವನ್ನು ಒಟ್ಟಾಗಿ ಹಿಡಿದು, ತಮ್ಮ ಊರಿನ ಸಣ್ಣ ಸದಸ್ಯರಿಗೆ ತುಂಡು ತುಂಡಾಗಿ ಹಂಚಿ, ನಡುವಿನ ಕೆಲಸಕ್ಕೆ ಸ್ವಲ್ಪ ಶುಲ್ಕ ಇಟ್ಟುಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು.

ಸಭಾಂಗಣದ ಬಾಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರ ಮಧ್ಯದಲ್ಲಿ ಹಳೆಯ ಕಟ್ಟಡವಿರುವ ಸಂಸ್ಥೆಗಳಿಗೆ ಅದೊಂದು ಸ್ಥಿರ ವರಮಾನ, ಎಫ್‌ಕೆಸಿಸಿಐಯ ಸರ್ ಎಂ.ವಿ. ಸಭಾಂಗಣದಂಥ ಜಾಗ ಬಸ್ಸು ಮತ್ತು ಮೆಟ್ರೊ ಎರಡಕ್ಕೂ ಹತ್ತಿರವಿರುವುದರಿಂದ ಸಭೆ ನಡೆಸುವವರಿಗೆ ಅನುಕೂಲ. ಕೆಲವು ಕಡೆ ಮಾತ್ರ ಬಾಡಿಗೆಯ ರುಚಿ ಹತ್ತಿ, ಸದಸ್ಯರ ತುರ್ತು ಸಭೆಗೇ ಜಾಗ ಸಿಗದ ಪರಿಸ್ಥಿತಿ ಬರುತ್ತದೆ. ತಿಂಗಳಲ್ಲಿ ಕೆಲವು ದಿನಗಳನ್ನು ಸದಸ್ಯರಿಗಾಗಿಯೇ ಮೀಸಲಿಟ್ಟು ಉಳಿದದ್ದನ್ನು ಬಿಡುವುದು ಒಂದು ಸರಳ ನಿಯಮ.

ತರಬೇತಿಗಳ ಸಾಲಿನಲ್ಲಿ ಜಿಎಸ್‌ಟಿ, ಕಾರ್ಮಿಕ ಕಾನೂನು, ರಫ್ತು ದಾಖಲೆ ಇವುಗಳ ಕುರಿತ ಅರ್ಧ ದಿನದ ಕಾರ್ಯಾಗಾರಗಳು ಎಲ್ಲ ಕಡೆಯೂ ನಡೆಯುತ್ತವೆ. ನಮ್ಮ ಲೆಕ್ಕಿಗರನ್ನು ಕಳಿಸಿ ನೋಡಿದಾಗ, ಭಾಷಣಕಾರರು ಸ್ಲೈಡು ಓದಿ ಮುಗಿಸುವ ಕಾರ್ಯಾಗಾರಗಳಿಂದ ಬಂದದ್ದು ಊಟ ಮತ್ತು ಒಂದು ಫೈಲು. ನಿಜವಾದ ಇನ್‌ವಾಯ್ಸು, ನಿಜವಾದ ನೋಟಿಸು ಮುಂದಿಟ್ಟುಕೊಂಡು ಉತ್ತರ ಬರೆಸಿದ ಕಾರ್ಯಾಗಾರದಿಂದ ಬಂದವರು ಮರುದಿನವೇ ಕಚೇರಿಯ ಒಂದು ಹಳೆಯ ತಗಾದೆಯನ್ನು ಬಗೆಹರಿಸಿದರು. ಎರಡಕ್ಕೂ ತೆಗೆದುಕೊಂಡ ಶುಲ್ಕದಲ್ಲಿ ಹೆಚ್ಚು ಅಂತರವಿರಲಿಲ್ಲ.

ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಕೆಲಸವನ್ನು ನಮ್ಮ ಸಂಸ್ಥೆಗಳು ಏಕೆ ದೊಡ್ಡದಾಗಿ ಎತ್ತಿಕೊಳ್ಳಲಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಜಪಾನಿನ ವಾಣಿಜ್ಯ ಸಂಸ್ಥೆಗಳು 1954ರಿಂದ ಲೆಕ್ಕ ಬರೆಯುವ ಪರೀಕ್ಷೆಯನ್ನು ನಡೆಸುತ್ತಿವೆ. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರು ತಾವು ಅದರ ಯಾವ ದರ್ಜೆಯಲ್ಲಿ ತೇರ್ಗಡೆಯಾದೆವೆಂದು ಬರೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ ಉದ್ಯಮಗಳಿಗೆ ವಾಣಿಜ್ಯ ಸಂಸ್ಥೆಯ ಸದಸ್ಯತ್ವ 1956ರ ಕಾಯ್ದೆಯ ಪ್ರಕಾರ ಕಡ್ಡಾಯ, ಹಾಗಾಗಿ ಅವರಿಗೆ ನಮ್ಮಷ್ಟು ಹಣದ ಚಿಂತೆಯಿಲ್ಲ. ಆದರೂ ಕಾರ್ಖಾನೆಗಳಲ್ಲಿ ಕೆಲಸ ಕಲಿಯುವವರ ಅಂತಿಮ ಪರೀಕ್ಷೆಯನ್ನು ಆ ಸಂಸ್ಥೆಗಳೇ ನಡೆಸುತ್ತವೆ. ಪ್ಯಾರಿಸ್ಸಿನ ವಾಣಿಜ್ಯ ಸಂಸ್ಥೆ 1881ರಲ್ಲಿ ಸ್ಥಾಪಿಸಿದ ಎಚ್‌ಇಸಿ ಇಂದು ಹೆಸರಾಂತ ಮ್ಯಾನೇಜ್‌ಮೆಂಟ್ ಶಾಲೆ. ಲಂಡನ್ ಚೇಂಬರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ವಾಣಿಜ್ಯ ಪರೀಕ್ಷೆಗಳು ಮಾತ್ರ ಈಗ ಪಿಯರ್ಸನ್ ಎಂಬ ಖಾಸಗಿ ಕಂಪನಿಯ ಕೈಯಲ್ಲಿವೆ. ಪೀಣ್ಯದಲ್ಲಿ ನಮಗೆ ಒಬ್ಬ ಸ್ಟೋರ್ಸ್ ಗುಮಾಸ್ತ, ಒಬ್ಬ ರಫ್ತು ಸಹಾಯಕ ಬೇಕಾದಾಗ ಅವರ ಪದವಿ ನಮಗೆ ಏನನ್ನೂ ಹೇಳುವುದಿಲ್ಲ. 1949ರಿಂದ ಸಣ್ಣ ಕೈಗಾರಿಕೆಗಳ ಪರವಾಗಿ ದುಡಿಯುತ್ತಿರುವ ಕಾಸಿಯಾ ಮತ್ತು ಎಫ್‌ಕೆಸಿಸಿಐ ಕೂಡಿಕೊಂಡು, ಇ-ವೇ ಬಿಲ್ ಮಾಡಲು ಬರುತ್ತದೆ, ಶಿಪ್ಪಿಂಗ್ ಬಿಲ್ ಓದಲು ಬರುತ್ತದೆ, ಸ್ಟಾಕ್ ಪುಸ್ತಕ ತಾಳೆ ನೋಡಲು ಬರುತ್ತದೆ ಎಂದು ಪರೀಕ್ಷಿಸಿ ಹೇಳುವ, ಕನ್ನಡದಲ್ಲೂ ಬರೆಯಬಹುದಾದ ಒಂದು ಪರೀಕ್ಷೆಯನ್ನು ತಂದರೆ ನಮ್ಮಂಥವರು ಅದಕ್ಕೆ ಸಂತೋಷದಿಂದ ಹಣ ಕೊಡುತ್ತೇವೆ.

ಪ್ರಶಸ್ತಿ ಮತ್ತು ಪ್ರಾಯೋಜಕತ್ವದ ಹಣದ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ರಾಜ್ಯದ ಉದ್ಯಮಕ್ಕೆ ದುಡಿದವರನ್ನು ಗೌರವಿಸುವುದು ಸಂಸ್ಥೆಯ ಕರ್ತವ್ಯಗಳಲ್ಲಿ ಒಂದೇ. ನಾನು ಹೇಳುತ್ತಿರುವುದು, ‘ನಿಮ್ಮನ್ನು ಪ್ರಶಸ್ತಿಗೆ ಆರಿಸಲಾಗಿದೆ’ ಎಂಬ ಪತ್ರದ ಕೆಳಗೆ ಊಟದ ಟೇಬಲ್ಲಿನ ದರವನ್ನೂ ಸ್ಮರಣಸಂಚಿಕೆಯ ಜಾಹೀರಾತಿನ ದರವನ್ನೂ ನಮೂದಿಸುವ ಪದ್ಧತಿಯ ಬಗ್ಗೆ. ನಮ್ಮ ಘಟಕಕ್ಕೂ ಅಂಥ ಪತ್ರ ಬಂದಿದೆ. ಕಳಿಸಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ನಂಬಿಕೆಯನ್ನು ಈ ರೀತಿ ಮಾರಿದರೆ ಅದೇ ಸಂಸ್ಥೆ ನಾಳೆ ಕೊಡುವ ಸಿಓಓ ಮೇಲಿನ ಸಹಿಯನ್ನೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ.

ಇನ್ನು ನಾನು ಬಹಳ ಆಸೆಯಿಂದ ನೋಡುವ, ಆದರೆ ಕರ್ನಾಟಕದಲ್ಲಿ ಸಣ್ಣ ವ್ಯಾಪಾರಿಗೆ ಕೈಗೆಟುಕುವಂತೆ ಇನ್ನೂ ಬೆಳೆಯದ ಸೇವೆಯೆಂದರೆ ವ್ಯಾಜ್ಯ ಪರಿಹಾರ. ಇದು ಹೊಸ ಯೋಚನೆಯೇನೂ ಅಲ್ಲ. 1853ರಲ್ಲಿ ಸ್ಥಾಪನೆಯಾದ ಬಂಗಾಳ ವಾಣಿಜ್ಯ ಸಂಸ್ಥೆ ಕಲ್ಕತ್ತೆಯಲ್ಲಿ ಸದಸ್ಯರ ಜಗಳ ಬಗೆಹರಿಸಲು ಮಧ್ಯಸ್ಥಿಕೆಯ ನ್ಯಾಯಮಂಡಳಿ ನಡೆಸುತ್ತಿತ್ತು. ಅದರ ಜೊತೆಗೆ ಹಡಗಿಗೆ ಏರುವ ಸರಕನ್ನು ಅಳೆದು ತೂಗಿ ಪ್ರಮಾಣಪತ್ರ ಕೊಡುವ ಪರವಾನಗಿದಾರ ಅಳತೆಗಾರರ ವಿಭಾಗವೊಂದನ್ನೂ ಇಟ್ಟುಕೊಂಡಿತ್ತು. ಮಾರುವವನೂ ಕೊಳ್ಳುವವನೂ ಹಡಗಿನವನೂ ಆ ತೂಕವನ್ನು ಒಪ್ಪುತ್ತಿದ್ದರು, ಆ ಒಪ್ಪಿಗೆಗೆ ಶುಲ್ಕ ಬರುತ್ತಿತ್ತು. ಪ್ಯಾರಿಸ್ಸಿನ ಐಸಿಸಿ 1923ರಲ್ಲಿ ತನ್ನ ಮಧ್ಯಸ್ಥಿಕಾ ನ್ಯಾಯಾಲಯವನ್ನು ಆರಂಭಿಸಿತು, ಅದು ಇಂದಿಗೂ ಜಗತ್ತಿನ ದೊಡ್ಡ ವ್ಯಾಪಾರಿ ವ್ಯಾಜ್ಯಗಳನ್ನು ನೋಡುತ್ತದೆ.

ನಮ್ಮ ವ್ಯಾಜ್ಯಗಳು ಅಷ್ಟು ದೊಡ್ಡವಲ್ಲ. ಕಳಿಸಿದ ಮಾಲಿನಲ್ಲಿ ಒಂದಷ್ಟು ತಿರಸ್ಕೃತವಾಗಿದೆ ಎನ್ನುತ್ತಾರೆ, ಪೂರ್ತಿ ಬಿಲ್ಲನ್ನೇ ತಡೆಹಿಡಿಯುತ್ತಾರೆ. ಸಿವಿಲ್ ಕೋರ್ಟಿಗೆ ಹೋದರೆ ವರ್ಷಗಳು ಹಿಡಿಯುತ್ತವೆ, ವಕೀಲರ ಖರ್ಚು ಬಾಕಿಯನ್ನು ಮೀರುತ್ತದೆ. ಸಣ್ಣ ಉದ್ಯಮಗಳ 2006ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಬಾಕಿ ವಸೂಲಿಯ ವ್ಯಾಜ್ಯವನ್ನು ರಾಜ್ಯ ಸರ್ಕಾರ ರಚಿಸುವ ಫೆಸಿಲಿಟೇಷನ್ ಕೌನ್ಸಿಲ್ ತಾನೇ ನಡೆಸಬಹುದು, ಇಲ್ಲವೇ ಪರ್ಯಾಯ ವ್ಯಾಜ್ಯ ಪರಿಹಾರ ಸೇವೆ ಕೊಡುವ ಸಂಸ್ಥೆಗೆ ಒಪ್ಪಿಸಬಹುದು. ಕಾನೂನು ತೆರೆದಿಟ್ಟಿರುವ ಈ ಬಾಗಿಲಿನಿಂದ ವಾಣಿಜ್ಯ ಸಂಸ್ಥೆಗಳು ಒಳಬರಬೇಕು. ಎರಕದ ಕೆಲಸ ಗೊತ್ತಿರುವ ಹಿರಿಯರೊಬ್ಬರು, ನಿವೃತ್ತ ನ್ಯಾಯಾಧೀಶರೊಬ್ಬರು ಕೂತು, ಮಾಲನ್ನು ಕಣ್ಣಾರೆ ನೋಡಿ, ಮೊದಲೇ ಪ್ರಕಟಿಸಿದ ದರಪಟ್ಟಿಯಂತೆ ಶುಲ್ಕ ಪಡೆದು ತೀರ್ಮಾನ ಕೊಟ್ಟರೆ, ಬಾಕಿಯ ಒಂದು ಪಾಲನ್ನು ಶುಲ್ಕವಾಗಿ ಕೊಡಲು ಯಾರೂ ಹಿಂಜರಿಯಲಾರರು. ಹಳೆಯ ಪೇಟೆಗಳಲ್ಲಿ ದಲ್ಲಾಳಿ ಮಂಡಿಗಳ ಹಿರಿಯರು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸವಿದು. ಈಗ ಅದಕ್ಕೆ ಕಾನೂನಿನ ಬಲ ಮತ್ತು ಒಂದು ಕಚೇರಿ ಬೇಕು. ಒಂದು ಷರತ್ತಂತೂ ಅಗತ್ಯ: ಸಂಸ್ಥೆಯ ಹಾಲಿ ಪದಾಧಿಕಾರಿಗಳು ಮಧ್ಯಸ್ಥರ ಪಟ್ಟಿಯಲ್ಲಿ ಇರಕೂಡದು.

ಗಳಿಸಿದ ಹಣಕ್ಕೆ ತೆರಿಗೆಯ ಲೆಕ್ಕ ಬೇರೆಯೇ ಇದೆ. ಸದಸ್ಯರು ತಮ್ಮೊಳಗೇ ಹಣ ಕೂಡಿಸಿ ತಮಗೇ ಖರ್ಚು ಮಾಡಿಕೊಂಡರೆ ಅದು ಆದಾಯವಲ್ಲ ಎಂಬ ಪರಸ್ಪರತೆಯ ತತ್ತ್ವವನ್ನು ನೆಚ್ಚಿಕೊಂಡು ಕೂರುವ ಖಜಾಂಚಿಗಳು ಇದ್ದಾರೆ. ಆದರೆ ವ್ಯಾಪಾರಿ ಸಂಘವು ತನ್ನ ಸದಸ್ಯರಿಗೆ ನಿರ್ದಿಷ್ಟ ಸೇವೆ ಮಾಡಿ ಪಡೆದ ಹಣವನ್ನು ವ್ಯಾಪಾರದ ಆದಾಯವೆಂದು 1961ರ ಆದಾಯ ತೆರಿಗೆ ಕಾಯ್ದೆಯ 28ನೇ ಸೆಕ್ಷನ್ ಸ್ಪಷ್ಟವಾಗಿಯೇ ಹೇಳಿತ್ತು. ಸದಸ್ಯ ಬ್ಯಾಂಕುಗಳಲ್ಲಿಟ್ಟ ಠೇವಣಿಯ ಬಡ್ಡಿಗೆ ಪರಸ್ಪರತೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪು ಕೊಟ್ಟದ್ದು ನಮ್ಮ ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲೇ. 1965ರಲ್ಲಿ ಆಂಧ್ರ ವಾಣಿಜ್ಯ ಸಂಸ್ಥೆಯ ಪ್ರಕರಣದಲ್ಲಿ, ವ್ಯಾಪಾರವನ್ನು ಉತ್ತೇಜಿಸುವುದು ಸಾರ್ವಜನಿಕ ಉಪಯೋಗದ ಉದ್ದೇಶವೇ ಆದ್ದರಿಂದ ಅದರ ಕಟ್ಟಡದ ಆದಾಯಕ್ಕೆ ವಿನಾಯಿತಿ ಇದೆಯೆಂದು ಅದೇ ನ್ಯಾಯಾಲಯ ಹೇಳಿತ್ತು. ಆ ಕಾಲ ಈಗಿಲ್ಲ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಇಂಥ ಸಂಸ್ಥೆಗಳ ವ್ಯಾಪಾರಿ ಸ್ವರೂಪದ ವರಮಾನ ಒಟ್ಟು ವರಮಾನದ ಶೇಕಡ 20ನ್ನು ಮೀರಬಾರದೆಂಬ ಮಿತಿ 2015ರ ಹಣಕಾಸು ಕಾಯ್ದೆಯಿಂದ ಬಂತು. ಖರ್ಚಿನಷ್ಟೇ, ಅಥವಾ ಅದರ ಮೇಲೆ ಅತ್ಯಲ್ಪ ಸೇರಿಸಿ ಪಡೆಯುವ ಶುಲ್ಕ ವ್ಯಾಪಾರವಾಗದು, ಖರ್ಚಿಗಿಂತ ಗಣನೀಯವಾಗಿ ಹೆಚ್ಚು ಪಡೆದರೆ ವ್ಯಾಪಾರವಾಗುತ್ತದೆ ಎಂದು ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ವಿವರಿಸಿತು. ಆ ಬಳಿಕ ಪ್ರತಿ ಸೇವೆಗೂ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನು ಪ್ರತ್ಯೇಕವಾಗಿ ಇಡದ ಸಂಸ್ಥೆ ತನಗೆ ತಾನೇ ತೊಂದರೆ ತಂದುಕೊಳ್ಳುತ್ತದೆ.

ಶುಲ್ಕ ಕೊಡುವವರಿಗೂ ಆ ಪ್ರತ್ಯೇಕ ಲೆಕ್ಕ ಬೇಕು. 1928ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಸಂಸ್ಥೆಯಾಗಲಿ, 1940ರಲ್ಲಿ ಹುಟ್ಟಿದ ಮಂಗಳೂರಿನ ಕೆನರಾ ಸಂಸ್ಥೆಯಾಗಲಿ, ಅವುಗಳಿಗಿಂತ ಚಿಕ್ಕ ತಾಲ್ಲೂಕು ಸಂಸ್ಥೆಗಳಾಗಲಿ, ಒಂದೊಂದಕ್ಕೂ ತನ್ನ ಊರಿನ ವ್ಯಾಪಾರಕ್ಕೆ ಹೊಂದುವ ಸೇವೆ ಬೇರೆ ಬೇರೆ ಇರುತ್ತದೆ. ಬಂದರಿನ ಊರಿಗೆ ರಫ್ತು ದಾಖಲೆ, ಎಪಿಎಂಸಿ ಊರಿಗೆ ತೂಕ ಮತ್ತು ಗುಣಮಟ್ಟದ ತಕರಾರು. ಯಾವ ಸೇವೆಯೇ ಆಗಲಿ, ಸದಸ್ಯರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು ದರ, ಅದರ ಮೇಲಿನ ಜಿಎಸ್‌ಟಿ, ಎಷ್ಟು ಹೊತ್ತಿನೊಳಗೆ ಕೆಲಸವಾಗುತ್ತದೆ, ಆಗದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಕಚೇರಿಯ ಬಾಗಿಲಲ್ಲಿ ಹಾಕಬೇಕು. ವರ್ಷದ ಕೊನೆಯಲ್ಲಿ ಆಯಾ ಸೇವೆಯಿಂದ ಬಂದದ್ದೆಷ್ಟು, ಅದಕ್ಕೆ ಹೋದದ್ದೆಷ್ಟು ಎಂದು ಮಹಾಸಭೆಯಲ್ಲಿ ಒಂದೊಂದಾಗಿ ಓದಬೇಕು. ನಮ್ಮ ಘಟಕ ಮುಂದಿನ ವರ್ಷದ ಸದಸ್ಯತ್ವ ನವೀಕರಣದ ಅರ್ಜಿಯ ಜೊತೆಗೆ ಈ ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸುತ್ತಿದೆ.